ಮಂಗಳೂರಿನ ಸೆಕ್ರೆಟರಿ

ಮೇ ಒಂದನೇ ತಾರೀಖು ಹೊಸಪೇಟೆ ಬಿಸಿಲು ಹೇಗಿರುತ್ತೆ ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆಳಗ್ಗೆ ಹನ್ನೊಂದಕ್ಕೇ ರಸ್ತೆ ಡಾಂಬರು ಚಪ್ಪಲಿಗೆ ಅಂಟುತ್ತೆ. ಅವತ್ತು ನಾನು ಅಲ್ಲಿದ್ದೆ. ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಸಂಡೂರು ಗಣಿಯ ಕಾರ್ಮಿಕರು, ಕಂಪ್ಲಿಯಿಂದ ಟ್ರ್ಯಾಕ್ಟರಿನಲ್ಲಿ ಬಂದ ಹಮಾಲರು, ಎಲ್ಲರ ಕೈಯಲ್ಲೂ ಕೆಂಪು ಬಾವುಟ. ಮೂರು ನಿಮಿಷದ ಲೈವ್ ಮುಗಿಸಿ, ನೆರಳು ಹುಡುಕಿಕೊಂಡು ಒಂದು ಚಹಾದಂಗಡಿ ಹೊಕ್ಕೆ. ಅಲ್ಲಿ ಕೂತಿದ್ದವರು ಕಂಪ್ಲಿಯ ಒಬ್ಬ ಹಳೇ ಹಮಾಲ. ಎಪ್ಪತ್ತೈದು ದಾಟಿದ ವಯಸ್ಸು. ಅಕ್ಕಿ ಮೂಟೆ ಹೊತ್ತು ಹೊತ್ತು ಒಂದು ಭುಜ ಇನ್ನೊಂದಕ್ಕಿಂತ ಇಳಿದಿತ್ತು.

‘ತಮ್ಮಾ, ಟಿವಿಯಾಗ ಬಾಳ ಮಾತಾಡ್ತೀ. ಈ ಪಾರ್ಟಿಗೆ ಮೊದಲನೇ ಸೆಕ್ರೆಟರಿ ಯಾರು, ಗೊತ್ತೈತೇನು?’ ಅಂದರು.

ನಾನು ಡಾಂಗೆ ಅಂದೆ. ತಲೆ ಅಲ್ಲಾಡಿಸಿದರು. ಎಂ.ಎನ್. ರಾಯ್? ಇಲ್ಲ. ಇಎಂಎಸ್? ಈಗ ನಕ್ಕೇ ಬಿಟ್ಟರು. ‘ಮಂಗಳೂರಾವ ಅದಾನಪ್ಪ. ಘಾಟೆ ಅಂತ. ನಿಮ್ಮ ಕನ್ನಡದ ನೆಲದಾಗ ಹುಟ್ಟಿದಾವ. ನಿಮಗs ಗೊತ್ತಿಲ್ಲಂದ್ರ?’

ನಾನು ಎಂಜಿನಿಯರಿಂಗ್ ಓದಿದವನು. ಇತಿಹಾಸದ ಪಾಠ ಹತ್ತನೇ ಕ್ಲಾಸಿಗೇ ಮುಗಿದಿತ್ತು. ಆದರೂ ಚಾನೆಲ್‌ನಲ್ಲಿ ಕೂತು ಲೆನಿನ್ ಬಗ್ಗೆ, ಸ್ಟಾಲಿನ್ ಬಗ್ಗೆ ಎಷ್ಟು ಸಲ ಮಾತಾಡಿದ್ದೀನಿ! ರಷ್ಯಾ ಕ್ರಾಂತಿಗೆ ನೂರು ವರ್ಷ ತುಂಬಿದಾಗ ಲೆನಿನ್ನನ ಊರು, ಅವನ ಅಣ್ಣನನ್ನು 1887ರಲ್ಲಿ ಗಲ್ಲಿಗೇರಿಸಿದ್ದು, ಸೈಬೀರಿಯಾ ಗಡೀಪಾರು, 1917ರ ಏಪ್ರಿಲ್‌ನಲ್ಲಿ ಜರ್ಮನಿ ಮೂಲಕ ರೈಲಿನಲ್ಲಿ ವಾಪಸ್ ಬಂದದ್ದು, ಎಲ್ಲ ನಮ್ಮ ವೀಕ್ಷಕರಿಗೂ ಬಾಯಿಪಾಠ. ನಮ್ಮದೇ ಕರಾವಳಿಯ ಮನುಷ್ಯನ ಹೆಸರು ಮಾತ್ರ ಒಬ್ಬ ಹಮಾಲ ತಾತ ಹೇಳಿಕೊಡಬೇಕಾಯ್ತು. ಅವತ್ತು ರಾತ್ರಿ ಬೆಂಗಳೂರಿಗೆ ವಾಪಸ್ ಬರುವಾಗಲೇ ಹುಡುಕಾಟ ಶುರುವಾಯ್ತು.

ಸಚ್ಚಿದಾನಂದ ವಿಷ್ಣು ಘಾಟೆ. ಹುಟ್ಟಿದ್ದು 1896ರಲ್ಲಿ, ಮಂಗಳೂರಿನಲ್ಲಿ. ಆಗಿನ ಭೂಪಟ ಸ್ವಲ್ಪ ನೆನಪಿಸಿಕೊಳ್ಳಿ. ಮಂಗಳೂರು ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ನಮ್ಮ ಹೊಸಪೇಟೆ, ಹಂಪಿ, ಕಂಪ್ಲಿ ಎಲ್ಲ ಇದ್ದ ಬಳ್ಳಾರಿ ಜಿಲ್ಲೆಯೂ ಅಷ್ಟೇ, ಮದ್ರಾಸಿಗೇ ಸೇರಿದ್ದು. ಸಂಡೂರು ಮಾತ್ರ ಘೋರ್ಪಡೆ ಅರಸರ ಪುಟ್ಟ ಸಂಸ್ಥಾನ. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ, ಮಂಗಳೂರು ಬಂದದ್ದು 1956ರಲ್ಲಿ. ಅಂದರೆ ಮಂಗಳೂರಿನ ಹುಡುಗ, ಹೊಸಪೇಟೆಯ ರೈತ, ಇಬ್ಬರೂ ಒಂದೇ ಮದ್ರಾಸ್ ಸರ್ಕಾರದ ಪ್ರಜೆಗಳು. ಈ ಮಾತು ಮುಂದೆ ಬೇಕಾಗುತ್ತೆ, ಅದಕ್ಕೇ ಹೇಳಿದೆ.

ಘಾಟೆ ಬೆಳೆದು ಮುಂಬಯಿ ಸೇರಿದರು. ಅವತ್ತಿನ ಕರಾವಳಿ ಹುಡುಗರಿಗೆ ಮುಂಬಯಿ ಅಂದರೆ ಇವತ್ತಿನ ಬೆಂಗಳೂರು, ದುಬೈ ಎಲ್ಲ ಸೇರಿಸಿದ ಹಾಗೆ. ಊರಿನ ಬಹಳ ಜನ ಅಲ್ಲಿ ದುಡ್ಡಿನ ದಾರಿ ಹಿಡಿದರು. ಇವರು ಹಿಡಿದದ್ದು ಹತ್ತಿ ಗಿರಣಿಗಳ ಗೇಟಿನ ದಾರಿ. ಗಿರಣಿ ಕಾರ್ಮಿಕರ ನಡುವೆ ಕೆಲಸ ಮಾಡುತ್ತಿದ್ದ, ರಷ್ಯಾ ಕ್ರಾಂತಿಯ ಸುದ್ದಿ ಓದಿ ತಲೆ ಕೆಡಿಸಿಕೊಂಡಿದ್ದ ಡಾಂಗೆ, ಮಿರಜ್ಕರ್, ಜೋಗಳೇಕರ್ ಅವರ ಗುಂಪಿಗೆ ಸೇರಿಕೊಂಡರು.

1924ರಲ್ಲಿ ಬ್ರಿಟಿಷರು ಕಾನ್ಪುರ ಬೊಲ್ಷೆವಿಕ್ ಪಿತೂರಿ ಕೇಸು ಹಾಕಿದರು. ಡಾಂಗೆ, ಮುಜಫರ್ ಅಹ್ಮದ್, ಶೌಕತ್ ಉಸ್ಮಾನಿ, ನಳಿನಿ ಗುಪ್ತಾ ಜೈಲು ಸೇರಿದರು. ನಾಯಕರೆಲ್ಲ ಒಳಗೆ. ಆ ಹೊತ್ತಿಗೆ ಹೊರಗೆ ಉಳಿದವರು ಒಂದು ಸಭೆ ಸೇರಿದರು, ಅದೂ ಕೇಸು ನಡೆದ ಕಾನ್ಪುರದಲ್ಲೇ, 1925ರ ಡಿಸೆಂಬರ್ ಕೊನೆಯಲ್ಲಿ. ಹಿಂದಿನ ವರ್ಷ ಗಾಂಧೀಜಿ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದಿದ್ದ ಕಾಂಗ್ರೆಸ್ ಅಧಿವೇಶನ ಈ ಸಲ ಕಾನ್ಪುರದಲ್ಲಿ, ಸರೋಜಿನಿ ನಾಯ್ಡು ಅಧ್ಯಕ್ಷೆ. ಕಾಂಗ್ರೆಸ್ಸಿಗೆ ಅಂತ ದೇಶದೆಲ್ಲೆಡೆಯಿಂದ ಜನ ಬರುತ್ತಾರೆ, ಅದೇ ಊರಿನಲ್ಲಿ ನಮ್ಮದೂ ಒಂದು ಸಭೆ ಆಗಲಿ ಅನ್ನೋ ಲೆಕ್ಕ. ಮದ್ರಾಸಿನ ಸಿಂಗಾರವೇಲು ಅಧ್ಯಕ್ಷರಾದರು. ಕಾರ್ಯದರ್ಶಿಗಳು ಇಬ್ಬರು: ಒಬ್ಬರು ಜಾನಕಿ ಪ್ರಸಾದ್ ಬಗೇರಹಟ್ಟಾ, ಇನ್ನೊಬ್ಬರು ನಮ್ಮ ಘಾಟೆ. ಸ್ವಲ್ಪ ಕಾಲದಲ್ಲೇ ಬಗೇರಹಟ್ಟಾ ಮೇಲೆ ಪೊಲೀಸರ ಸಂಪರ್ಕದ ಅನುಮಾನ ಎದ್ದು ಅವರು ದೂರವಾದರು. ಉಳಿದವರು ಘಾಟೆ ಒಬ್ಬರೇ. 1927ರಲ್ಲಿ ಮುಂಬಯಿ ಸಭೆ ಅವರನ್ನೇ ಪ್ರಧಾನ ಕಾರ್ಯದರ್ಶಿ ಅಂತ ಆರಿಸಿತು.

ಇಲ್ಲಿ ಸ್ವಲ್ಪ ರಷ್ಯಾ ಕಡೆ ತಿರುಗೋಣ. ‘ಪ್ರಧಾನ ಕಾರ್ಯದರ್ಶಿ’ ಅನ್ನೋ ಹುದ್ದೆ ಅಲ್ಲಿ ಹುಟ್ಟಿದ್ದು 1922ರಲ್ಲಿ. ಅದನ್ನು ಕೊಟ್ಟದ್ದು ಸ್ಟಾಲಿನ್‌ಗೆ. ಅವತ್ತು ಅದು ಗುಮಾಸ್ತಿಕೆ ಅಂತಲೇ ಎಲ್ಲರ ಭಾವನೆ. ಭಾಷಣ ಮಾಡೋಕೆ ಟ್ರಾಟ್‌ಸ್ಕಿ ಇದ್ದ, ಸಿದ್ಧಾಂತಕ್ಕೆ ಬುಖಾರಿನ್ ಇದ್ದ. ಯಾರನ್ನು ಯಾವ ಊರಿಗೆ ಹಾಕಬೇಕು, ಯಾರ ಕಾರ್ಡು ಎಲ್ಲಿದೆ ಅಂತ ನೋಡಿಕೊಳ್ಳೋ ಬೇಜಾರಿನ ಕೆಲಸ ಸ್ಟಾಲಿನ್‌ಗೆ ಬಂತು. ಅದೇ ಕಾರ್ಡುಗಳ ಮೇಲೆ ಅವನು ಸಾಮ್ರಾಜ್ಯ ಕಟ್ಟಿದ. ಆರೇಳು ವರ್ಷದಲ್ಲಿ ಟ್ರಾಟ್‌ಸ್ಕಿ ದೇಶ ಬಿಟ್ಟು ಹೋಗಬೇಕಾಯ್ತು.

ಘಾಟೆ ಕೈಗೆ ಬಂದದ್ದೂ ಅದೇ ಹೆಸರಿನ ಹುದ್ದೆ, ಅದೇ ಬೇಜಾರಿನ ಕೆಲಸ. ವಿಳಾಸಗಳ ಪಟ್ಟಿ, ಕಾಗದ, ಚಂದಾ ಹಣ, ಯಾರು ಜೈಲಿನಲ್ಲಿ, ಯಾರು ಹೊರಗೆ, ಕಲ್ಕತ್ತದವರು ಬರೆದದ್ದನ್ನು ಲಾಹೋರಿನವರಿಗೆ ತಿಳಿಸೋದು. ಆದರೆ ಇಲ್ಲಿ ಆ ಹುದ್ದೆ ಹಿಡಿದವನ ಹಿಂದೆ ಸರ್ಕಾರ ಇರಲಿಲ್ಲ, ಸಿಐಡಿ ಇತ್ತು. ಅವರು ಬರೆದ ಕಾಗದ ಸೇರಬೇಕಾದವರನ್ನು ಸೇರೋ ಮುಂಚೆ ಪೊಲೀಸರ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ನಮ್ಮ ಮನೆಯ ವೈಫೈ ರೂಟರ್ ಇರುತ್ತಲ್ಲ, ಕೆಟ್ಟು ನಿಂತಾಗ ಮಾತ್ರ ಅದರ ನೆನಪಾಗುತ್ತೆ. ಪಕ್ಷಗಳಲ್ಲಿ ಇಂಥ ಸೆಕ್ರೆಟರಿಗಳ ಕಥೆಯೂ ಹಾಗೇ. ಘಾಟೆ ದೊಡ್ಡ ಭಾಷಣಕಾರರಾಗಿ ಹೆಸರು ಮಾಡಲಿಲ್ಲ. ಲೆನಿನ್ ಥರ ಸಂಪುಟಗಟ್ಟಲೆ ಬರೆದಿಡಲಿಲ್ಲ. ನಮ್ಮ ಇತಿಹಾಸಕಾರರಿಗೆ ಪುಸ್ತಕ ಬೇಕು, ನಮ್ಮಂಥ ಟಿವಿಯವರಿಗೆ ಭಾಷಣ ಬೇಕು. ಎರಡೂ ಬಿಟ್ಟು ಹೋಗದವರು ಇಬ್ಬರ ಕೈಗೂ ಸಿಗಲ್ಲ.

1928ರಲ್ಲಿ ಮುಂಬಯಿಯ ಗಿರಣಿಗಳು ನಿಂತವು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಕೆಲಸಕ್ಕೆ ಹೋಗಲಿಲ್ಲ. ಆರು ತಿಂಗಳು! ಇವತ್ತು ಆರು ದಿನ ಬಸ್ ನಿಂತರೆ ನಾವು ಚಾನೆಲ್‌ನವರು ಏನು ಗಲಾಟೆ ಎಬ್ಬಿಸ್ತೀವಿ ಅಂತ ನಿಮಗೆ ಗೊತ್ತು. ಮುಷ್ಕರದ ಮಧ್ಯೆ ಹುಟ್ಟಿದ ಗಿರಣಿ ಕಾಮಗಾರ್ ಯೂನಿಯನ್ ಕೆಂಪು ಬಾವುಟ ಹಿಡಿದು ಹತ್ತಾರು ಸಾವಿರ ಸದಸ್ಯರ ಸಂಘವಾಯ್ತು. ಬ್ರಿಟಿಷರಿಗೆ ಇನ್ನು ಸುಮ್ಮನಿರೋಕೆ ಆಗಲಿಲ್ಲ.

1929ರ ಮಾರ್ಚ್ 20. ಮುಂಬಯಿ, ಕಲ್ಕತ್ತ, ಪಂಜಾಬ್, ಸಂಯುಕ್ತ ಪ್ರಾಂತ್ಯ, ಒಂದೇ ದಿನ ಎಲ್ಲ ಕಡೆ ದಾಳಿ. ಮೂವತ್ತೊಂದು ಜನರ ಬಂಧನ. ಅವರಲ್ಲಿ ಘಾಟೆ ಒಬ್ಬರು. ಕೇಸು ನಡೆದದ್ದು ಮೀರತ್‌ನಲ್ಲಿ. ಬಂಧಿತರಲ್ಲಿ ಹೆಚ್ಚಿನವರು ಆ ಊರಿನ ಮುಖ ನೋಡಿದವರೂ ಅಲ್ಲ. ಮತ್ತೆ ಯಾಕೆ ಮೀರತ್? ಮುಂಬಯಿ, ಕಲ್ಕತ್ತದಲ್ಲಾದರೆ ಜ್ಯೂರಿ ಮುಂದೆ ನಿಲ್ಲಿಸಬೇಕು, ಜ್ಯೂರಿ ಬಿಟ್ಟುಬಿಡಬಹುದು. ಮೀರತ್‌ನಲ್ಲಿ ಆ ತಾಪತ್ರಯ ಇಲ್ಲ. ಆರೋಪ ಏನು ಗೊತ್ತಾ? ಬ್ರಿಟಿಷ್ ಚಕ್ರವರ್ತಿಯಿಂದ ಭಾರತದ ಸಾರ್ವಭೌಮತ್ವ ಕಿತ್ತುಕೊಳ್ಳೋಕೆ ಪಿತೂರಿ. ಬಾಂಬ್ ಇಲ್ಲ, ಬಂದೂಕು ಇಲ್ಲ. ಕಾಗದಗಳು! ಸಾವಿರಾರು ದಾಖಲೆ ಕೋರ್ಟಿಗೆ ಬಂದವು, ಮುನ್ನೂರಕ್ಕೂ ಹೆಚ್ಚು ಸಾಕ್ಷಿಗಳು. ಪತ್ರಗಳು, ಕರಪತ್ರಗಳು, ಸಭೆಯ ನಡಾವಳಿಗಳು. ಗುಪ್ತ ಶಾಯಿಯಲ್ಲಿ ಬರೆದವು, ಸಂಕೇತ ಭಾಷೆಯಲ್ಲಿ ಬರೆದವು ಕೂಡ. ಕಾಗದವೇ ಸಾಕ್ಷಿಯಾದ ಕೇಸಿನಲ್ಲಿ ಕಾಗದ ನೋಡಿಕೊಳ್ಳುತ್ತಿದ್ದ ಸೆಕ್ರೆಟರಿ ತಪ್ಪಿಸಿಕೊಳ್ಳೋದು ಹೇಗೆ ಸಾಧ್ಯ?

ಈ ಬಂಧನಕ್ಕೂ ನೀವು ಚೆನ್ನಾಗಿ ಬಲ್ಲ ಇನ್ನೊಂದು ಘಟನೆಗೂ ನಂಟಿದೆ. ಮೀರತ್ ಬಂಧನವಾಗಿ ಹತ್ತೊಂಬತ್ತನೇ ದಿನ, ಏಪ್ರಿಲ್ 8ಕ್ಕೆ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ದೆಹಲಿಯ ಶಾಸನಸಭೆಯಲ್ಲಿ ಬಾಂಬ್ ಎಸೆದರು. ಅವರು ಎಸೆದ ಕರಪತ್ರದಲ್ಲಿ ಕಾರ್ಮಿಕ ನಾಯಕರನ್ನು ಬಂಧಿಸಿದ್ದರ ಪ್ರಸ್ತಾಪವೂ ಇತ್ತು. ಭಗತ್ ಸಿಂಗ್ ಫೋಟೋ ನಮ್ಮ ಹಳ್ಳಿಹಳ್ಳಿಯ ಆಟೋ ಹಿಂದೆ ಇದೆ. ಆ ಕರಪತ್ರ ಹೇಳಿದ ಬಂಧಿತರಲ್ಲಿ ಒಬ್ಬ ಮಂಗಳೂರಿನವ ಅಂತ ಎಷ್ಟು ಜನಕ್ಕೆ ಗೊತ್ತು?

ಕೇಸು ನಾಲ್ಕು ವರ್ಷ ಎಳೆಯಿತು. ಆರೋಪಿಗಳಲ್ಲಿ ಒಬ್ಬರಾದ ಠೇಂಗ್ಡಿ ತೀರ್ಪು ಬರೋ ಮುಂಚೆ ತೀರಿಕೊಂಡರು. ಮೂವರು ಇಂಗ್ಲಿಷರೂ ಕಟಕಟೆಯಲ್ಲಿದ್ದರು, ಹಾಗಾಗಿ ಲಂಡನ್‌ನಲ್ಲೂ ಸುದ್ದಿ. ನೆಹರೂ ಕುಟುಂಬ ಡಿಫೆನ್ಸ್ ಸಮಿತಿಗೆ ಕೈಜೋಡಿಸಿತು, ಗಾಂಧೀಜಿ ಜೈಲಿಗೇ ಹೋಗಿ ಕೈದಿಗಳನ್ನು ಕಂಡರು, ಐನ್‌ಸ್ಟೈನ್‌ರಂಥವರು ದನಿ ಎತ್ತಿದರು. ಕಮ್ಯುನಿಸಂ ಅಂದರೇನು ಅಂತ ಕೇಳಿರದ ಭಾರತೀಯನೂ ಪೇಪರ್‌ನಲ್ಲಿ ಓದಿ ತಿಳಿದುಕೊಂಡ. ಮುಚ್ಚಿಹಾಕೋಕೆ ಹೋದ ಸರ್ಕಾರ ತಾನೇ ಪುಕ್ಕಟೆ ಪ್ರಚಾರ ಕೊಟ್ಟಿತು! 1933ರ ಜನವರಿಯಲ್ಲಿ ತೀರ್ಪು. ಮುಜಫರ್ ಅಹ್ಮದ್‌ಗೆ ಜೀವಾವಧಿ ಗಡೀಪಾರು, ಘಾಟೆ ಮತ್ತಿತರ ಕೆಲವರಿಗೆ ಹನ್ನೆರಡು ವರ್ಷ. ಅಪೀಲು ಅಲಹಾಬಾದ್ ಹೈಕೋರ್ಟಿಗೆ ಹೋಯ್ತು, ಅದೇ ವರ್ಷ ಶಿಕ್ಷೆಗಳು ಭಾರೀ ಇಳಿದವು. ಅಷ್ಟರಲ್ಲಿ ಮನುಷ್ಯ ಒಳಗಿದ್ದು ನಾಲ್ಕು ವರ್ಷ ಕಳೆದೇಹೋಗಿತ್ತು. 1934ರಲ್ಲಿ ಪಕ್ಷವನ್ನೇ ಕಾನೂನುಬಾಹಿರ ಅಂತ ಸಾರಿದರು.

ಇನ್ನು ನನಗೆ ಬಹಳ ಹಿಡಿಸಿದ ಭಾಗ. ಜೈಲಿನಿಂದ ಹೊರಗೆ ಬಂದ ಮೇಲೆ ಘಾಟೆ ಬಂದದ್ದು ದಕ್ಷಿಣಕ್ಕೆ, ಮದ್ರಾಸಿಗೆ. ಆಗಲೇ ಹೇಳಿದೆನಲ್ಲ, ಹೊಸಪೇಟೆ, ಮಂಗಳೂರು ಎರಡನ್ನೂ ಆಳುತ್ತಿದ್ದ ರಾಜಧಾನಿ ಅದು. ಆಂಧ್ರ, ಮಲಬಾರ್, ತಮಿಳು ಜಿಲ್ಲೆಗಳಿಗೂ ಅದೇ. ಅವರಿಗಿಂತ ಮುಂಚೆ ರಾವಲ್ಪಿಂಡಿ ಕಡೆಯ ಅಮೀರ್ ಹೈದರ್ ಖಾನ್ ಅನ್ನೋರು ಮೀರತ್ ಬಲೆ ತಪ್ಪಿಸಿಕೊಂಡು ಬಂದು, ಶಂಕರ್ ಅಂತ ಹೆಸರಿಟ್ಟುಕೊಂಡು ಮದ್ರಾಸಿನಲ್ಲಿ ಕೆಲಸ ಮಾಡಿ ಸಿಕ್ಕಿಬಿದ್ದಿದ್ದರು. ಅವರು ಹುಡುಕಿದ ಹುಡುಗ ನೆಲ್ಲೂರು ಕಡೆಯ ಪುಚ್ಚಲಪಲ್ಲಿ ಸುಂದರಯ್ಯ. ಈಗ ಘಾಟೆ, ಸುಂದರಯ್ಯ ಜೊತೆಗೂಡಿದರು. ಪಕ್ಷ ನಿಷೇಧದಲ್ಲಿದೆ, ಬೋರ್ಡು ಹಾಕೋ ಹಾಗಿಲ್ಲ. ಕಾಂಗ್ರೆಸ್ ಸೋಷಲಿಸ್ಟ್ ಪಾರ್ಟಿಯ ಹುಡುಗರ ಜೊತೆ ಓಡಾಟ, ಮಾತು, ಮತ್ತೆ ಕಾಗದ.

1937. ಕೋಝಿಕ್ಕೋಡ್. ಐದೇ ಐದು ಜನ ಒಂದು ಕಡೆ ಸೇರಿದರು. ಪಿ. ಕೃಷ್ಣ ಪಿಳ್ಳೆ, ಇಎಂಎಸ್ ನಂಬೂದಿರಿಪಾಡ್, ಕೆ. ದಾಮೋದರನ್, ಎನ್.ಸಿ. ಶೇಖರ್. ಐದನೆಯವರು ಮದ್ರಾಸಿನಿಂದ ಬಂದ ಎಸ್.ವಿ. ಘಾಟೆ. ಕೇರಳದ ಮೊದಲ ಕಮ್ಯುನಿಸ್ಟ್ ಗುಂಪು ಹುಟ್ಟಿದ್ದು ಹಾಗೆ. ಇಪ್ಪತ್ತು ವರ್ಷ ಕಳೆದು, 1957ರ ಏಪ್ರಿಲ್‌ನಲ್ಲಿ, ಆ ಐವರಲ್ಲಿ ಒಬ್ಬರು ಓಟು ಗೆದ್ದು ಮುಖ್ಯಮಂತ್ರಿಯಾದರು. ಇಡೀ ಜಗತ್ತಿನ ಪತ್ರಕರ್ತರು ತಿರುವನಂತಪುರಕ್ಕೆ ಓಡಿದರು. ಇಎಂಎಸ್ ಮುಖ ಎಲ್ಲ ಪತ್ರಿಕೆಗಳಲ್ಲಿ. ಐದನೆಯವರನ್ನು ಯಾರೂ ಹುಡುಕಲಿಲ್ಲ.

ಆ ಕೆಲಸದ ಬಿಸಿ ನಮ್ಮ ಗಡಿಗೂ ಮುಟ್ಟಿತು. ಕಯ್ಯೂರು ಅಂದರೆ ನಿಮಗೆ ನಿರಂಜನರ ‘ಚಿರಸ್ಮರಣೆ’ ನೆನಪಾಗಬೇಕು. ಆ ಊರು ಆಗ ಕಾಸರಗೋಡು ತಾಲ್ಲೂಕು, ದಕ್ಷಿಣ ಕನ್ನಡ ಜಿಲ್ಲೆ. 1943ರ ಮಾರ್ಚ್ 29ಕ್ಕೆ ಅಲ್ಲಿನ ನಾಲ್ವರು ಹುಡುಗರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಘಾಟೆ ಹುಟ್ಟಿದ ಜಿಲ್ಲೆಯ ಹುಡುಗರು ಅವರು. ಮಂಗಳೂರಿನ ಹಂಚಿನ ಕಾರ್ಖಾನೆಗಳಲ್ಲಿ, ಬೀಡಿ ಕಟ್ಟೋ ಮನೆಗಳಲ್ಲಿ ಕೆಂಪು ಬಾವುಟ ಬೇರೂರಿದ್ದೂ ಆ ವರ್ಷಗಳಲ್ಲೇ.

ನಾನು ಕಮ್ಯುನಿಸ್ಟ್ ಅಲ್ಲ. ಹಾಗಾಗಿ ಹೇಳಬೇಕಾದ ಇನ್ನೊಂದು ಮಾತೂ ಹೇಳಿಬಿಡ್ತೀನಿ. ಈ ಪಕ್ಷ ಮಾಸ್ಕೋ ಕಡೆ ಕಿವಿ ಇಟ್ಟುಕೊಂಡೇ ಬೆಳೆಯಿತು, ಅದರ ಬೆಲೆಯನ್ನೂ ತೆತ್ತಿತು. ಯುದ್ಧ ಶುರುವಾದಾಗ ಅದು ಸಾಮ್ರಾಜ್ಯಶಾಹಿ ಯುದ್ಧ ಅಂತ ವಿರೋಧಿಸಿದರು. ಘಾಟೆ, ಡಾಂಗೆ ಮುಂತಾದವರನ್ನು ರಾಜಸ್ಥಾನದ ದೇವಳಿ ಕ್ಯಾಂಪಿನಲ್ಲಿ ಕೂಡಿಹಾಕಿದರು. 1941ರಲ್ಲಿ ಹಿಟ್ಲರ್ ರಷ್ಯಾ ಮೇಲೆ ಬಿದ್ದ. ಕೆಲವೇ ತಿಂಗಳಲ್ಲಿ ಅದೇ ಯುದ್ಧ ‘ಜನತಾ ಯುದ್ಧ’ ಆಯ್ತು. 1942ರ ಜುಲೈನಲ್ಲಿ ಸರ್ಕಾರ ಪಕ್ಷದ ಮೇಲಿನ ನಿಷೇಧ ತೆಗೆಯಿತು, ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಶುರುವಾದಾಗ ಪಕ್ಷ ಅದರ ಜೊತೆ ನಿಲ್ಲಲಿಲ್ಲ. ವರ್ಷಗಟ್ಟಲೆ ಬ್ರಿಟಿಷರ ವಿರುದ್ಧ ಜೈಲು ತಿಂದವರು ಆ ಒಂದು ಆಗಸ್ಟಿನಲ್ಲಿ ಹೊರಗೆ ನಿಂತದ್ದನ್ನು ದೇಶ ಇವತ್ತಿಗೂ ಮರೆತಿಲ್ಲ. ಮರೆಯಬೇಕು ಅಂತ ನಾನೂ ಹೇಳಲ್ಲ. ಘಾಟೆ ಆ ಪಕ್ಷದೊಳಗೇ ಇದ್ದರು, ಆ ನಿರ್ಧಾರದ ಪಾಲು ಅವರಿಗೂ ಸೇರುತ್ತೆ.

ಆದರೆ ಮಾಸ್ಕೋಗೆ ಹತ್ತಿರ ಹೋದವರ ಗತಿ ಏನಾಯ್ತು? ಅವನಿ ಮುಖರ್ಜಿ ಅಂತ ಒಬ್ಬರಿದ್ದರು, ಎಂ.ಎನ್. ರಾಯ್ ಜೊತೆ 1920ರಲ್ಲಿ ತಾಷ್ಕೆಂಟ್‌ನಲ್ಲಿ ಕೂತು ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಿದವರು. ಸರೋಜಿನಿ ನಾಯ್ಡು ಅವರ ತಮ್ಮ ವೀರೇಂದ್ರನಾಥ ಚಟ್ಟೋಪಾಧ್ಯಾಯ ಇನ್ನೊಬ್ಬರು. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದಾರಲ್ಲ, ಅವರ ಗಂಡ ಹರೀಂದ್ರನಾಥರ ಒಡಹುಟ್ಟಿದ ಅಣ್ಣ. ಕಾರ್ಮಿಕರ ರಾಜ್ಯ ಅಂತ ನಂಬಿ ಇಬ್ಬರೂ ಸೋವಿಯತ್ ನೆಲದಲ್ಲಿ ನೆಲೆಸಿದರು. ಇಬ್ಬರನ್ನೂ ಸ್ಟಾಲಿನ್ನನ ಪೊಲೀಸರು 1937ರಲ್ಲಿ ಗುಂಡಿಟ್ಟು ಕೊಂದರು. ಘಾಟೆ ಕೋಝಿಕ್ಕೋಡ್‌ನಲ್ಲಿ ನಾಲ್ವರ ಜೊತೆ ಕೂತಿದ್ದ ಅದೇ 1937! ಬ್ರಿಟಿಷ್ ಜೈಲಿಗೆ ಹೋದವರು ಬದುಕಿ ಬಂದರು, ಕ್ರಾಂತಿಯ ತವರಿಗೆ ಹೋದವರು ಬರಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಸುದ್ದಿ ಇಲ್ಲಿನ ಸಂಗಾತಿಗಳ ಕಿವಿಗೆ ಬಿದ್ದಾಗ ಅವರು ಒಬ್ಬರ ಮುಖ ಒಬ್ಬರು ಹೇಗೆ ನೋಡಿಕೊಂಡಿರಬಹುದು?

ಹಾಗಾದರೆ ಘಾಟೆ ಹೆಸರು ಯಾಕೆ ಮಸುಕಾಯ್ತು? ಸ್ವಭಾವ ಒಂದು ಕಾರಣ. ಇನ್ನೊಂದು ಕಾರಣ ಹುಟ್ಟುಹಬ್ಬದ ಜಗಳ. ತಮಾಷೆ ಅಲ್ಲ, ನಿಜ. ಪಕ್ಷ ಹುಟ್ಟಿದ್ದು 1920ರ ಅಕ್ಟೋಬರ್ 17ಕ್ಕೆ ತಾಷ್ಕೆಂಟಿನಲ್ಲೋ, 1925ರ ಡಿಸೆಂಬರ್‌ನಲ್ಲಿ ಕಾನ್ಪುರದಲ್ಲೋ? 1959ರಲ್ಲಿ, ಪಕ್ಷ ಒಂದೇ ಆಗಿದ್ದಾಗ, ಕಾನ್ಪುರ ಅಂತಲೇ ತೀರ್ಮಾನಿಸಿದ್ದರು. 1964ರಲ್ಲಿ ಪಕ್ಷ ಒಡೆಯಿತು. ಸುಂದರಯ್ಯ ಹೊಸ ಸಿಪಿಐ(ಎಂ)ನ ಪ್ರಧಾನ ಕಾರ್ಯದರ್ಶಿಯಾದರು, ಇಎಂಎಸ್ ಆ ಕಡೆ ಹೋದರು. ಘಾಟೆ ಹಳೇ ಸಿಪಿಐನಲ್ಲೇ ಉಳಿದರು. ಸಿಪಿಐ 1925 ಅನ್ನುತ್ತೆ. ಸಿಪಿಐ(ಎಂ) 1920 ಅನ್ನುತ್ತೆ. ತಾಷ್ಕೆಂಟ್ ಲೆಕ್ಕ ಹಿಡಿದರೆ ಮೊದಲ ಕಾರ್ಯದರ್ಶಿ ಮೊಹಮ್ಮದ್ ಶಫೀಕ್. ಕಾನ್ಪುರ ಲೆಕ್ಕ ಹಿಡಿದರೆ ಮಂಗಳೂರಿನ ಘಾಟೆ. ಒಂದು ಜಾತಕದ ಜಗಳದಲ್ಲಿ ಒಬ್ಬ ಮನುಷ್ಯನ ‘ಮೊದಲಿಗ’ ಪಟ್ಟವೇ ಅತ್ತಿತ್ತ ಆಯ್ತು. ಅವರ ಜೊತೆ ಮದ್ರಾಸಿನಲ್ಲಿ, ಕೋಝಿಕ್ಕೋಡಿನಲ್ಲಿ ಕೂತವರೇ ಆಚೆ ದಡದಲ್ಲಿ ನಿಂತರು.

ನನ್ನ ಅಭಿಪ್ರಾಯ ಕೇಳಿದರೆ, ನಾನು ಕಾನ್ಪುರದ ಕಡೆ. ಕನ್ನಡದವರು ಅನ್ನೋ ಅಭಿಮಾನಕ್ಕಲ್ಲ. ತಾಷ್ಕೆಂಟ್‌ನಲ್ಲಿ ಕೂತವರು ಭಾರತದ ಒಂದು ಗಿರಣಿ ಗೇಟಿಗೂ ಹೋಗೋ ಸ್ಥಿತಿಯಲ್ಲಿ ಇರಲಿಲ್ಲ. ಮೂಟೆ ಹೊರುವವನ ಹೆಸರು ಬರೆದುಕೊಳ್ಳೋಕೆ ಇಲ್ಲೇ ಇರಬೇಕು, ಅದನ್ನು ಬರೆದುಕೊಂಡವನೇ ಸೆಕ್ರೆಟರಿ. ಕಮ್ಯುನಿಸ್ಟ್ ಗೆಳೆಯರು ಸಿಟ್ಟಾಗಬಹುದು. ಆಗಲಿ.

ಕೊನೆಯವರೆಗೂ ಅವರು ಮಾಡಿದ್ದು ಅಂಥದ್ದೇ ಕೆಲಸ. ಪಕ್ಷದ ಖಜಾಂಚಿಯಾಗಿಯೂ ದುಡಿದರು. ಅಲ್ಲೂ ಲೆಕ್ಕದ ಪುಸ್ತಕವೇ! 1970ರ ನವೆಂಬರ್‌ನಲ್ಲಿ ತೀರಿಕೊಂಡರು.

ಮುಂದಿನ ತಿಂಗಳು ಸಂಡೂರಿಗೆ ಬೇರೆ ಕೆಲಸಕ್ಕೆ ಹೋದವನು ವಾಪಸ್ ಬರುವಾಗ ಕಂಪ್ಲಿಗೆ ಗಾಡಿ ತಿರುಗಿಸಿದೆ. ತಾತ ಅಕ್ಕಿ ಗಿರಣಿ ಹತ್ತಿರದ ಸಂಘದ ಕೋಣೆಯಲ್ಲಿದ್ದರು. ‘ತಾತಾ, ನೀವು ಹೇಳಿದ್ದು ಸರಿ. ಆದರೆ ನಿಮಗೆ ಘಾಟೆ ಹೆಸರು ಯಾರು ಹೇಳಿದ್ದು?’ ಅಂತ ಕೇಳಿದೆ.

‘ನಾ ಇಪ್ಪತ್ತು ವರ್ಸ ಈ ಸಂಘದ ಸೆಕ್ರೆಟರಿ ಇದ್ದೆನಪ್ಪ. ಬರಿಯಾಕ ಬೇಸರ ಅಂದಾಗ ನಮ್ಮ ಹಿರೇರು ಒಬ್ರು ಬೈದು ಹೇಳಿದ್ರು, ಮೊದಲನೇವನೂ ಇದs ಮಾಡಿದ್ದು ಅಂತ’ ಅಂದರು. ಆಮೇಲೆ ಕಬ್ಬಿಣದ ಟ್ರಂಕು ಎಳೆದು, ರಟ್ಟು ಕಿತ್ತುಹೋದ ಒಂದು ಹಾಜರಿ ಪುಸ್ತಕ ತೆಗೆದರು. ಬಳ್ಳಾರಿ ಕಡೆಯ ದುಂಡು ಅಕ್ಷರ. ಮೇಲೆ 1978 ಅಂತ ಇತ್ತು. ಕೆಳಗೆ ಸಾಲಾಗಿ ಹಮಾಲರ ಹೆಸರು, ಪ್ರತಿಯೊಂದರ ಮುಂದೆ ಚಂದಾ ನಾಲ್ಕಾಣೆ, ಎಂಟಾಣೆ. ಕ್ಯಾಮೆರಾಮನ್ ಶಾಟ್ ತೆಗೆಯೋಕೆ ಬಂದಾಗ ತಾತ ಕೈ ಅಡ್ಡ ಇಟ್ಟರು. ‘ಹೆಸರು ತೋರಿಸಬ್ಯಾಡ್ರಿ, ಬಾಕಿ ಇದ್ದಾವ್ರಿಗೆ ಮರ್ವಾದಿ ಹೋಗ್ತೈತಿ’ ಅಂದರು.